ಹೆಪ್ಪು ಹತ್ತದ ಹಾಲು

ಹಾಲಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಒಂದೂರಿತ್ತಂತೆ. ಆ ಊರಿನಲ್ಲಿ ಬೆಳಗ್ಗೆ ಕರೆದ ಹಾಲು ಸಂಜೆಯಾಗುವಷ್ಟರಲ್ಲಿ ಕೆಟ್ಟು, ಗಡಿಗೆಯೊಳಗೇ ಕೂತು ಅಳುತ್ತಿತ್ತಂತೆ. ಯಂಕವ್ವ ಎಂಬ ದನ ಕಾಯುವ ಹುಡುಗಿಗೆ ಆ ಅಳು ಕೇಳಲಾಗುತ್ತಿರಲಿಲ್ಲ. ಒಂದು ದಿನ ದೀಪ ಹಚ್ಚುವ ಹೊತ್ತಿನಲ್ಲಿ ಎಳ್ಳುಕಾಳಿನಷ್ಟು ಸಣ್ಣ ಮುದುಕಿಯೊಬ್ಬಳು ಅವಳ ಹೊಸ್ತಿಲ ಮೇಲೆ ಬಂದು ಕೂತಳು. ತಾನು ಹೆಪ್ಪವ್ವ, ಗಡಿಗೆಯಲ್ಲಿ ಒಂದಿಷ್ಟು ಜಾಗ ಕೊಟ್ಟರೆ ಹಾಲಿನ ಅಳು ನಿಲ್ಲಿಸುತ್ತೇನೆ ಎಂದಳು. ಆದರೆ ಒಂದು ಮಾತು.

"ನನಗ ಜೀವ ಅದ, ಮಗಳ. ಬಿಸಲಾಗ ಇಟ್ಟು ಮರೀಬ್ಯಾಡ. ಹಂಗೇನರ ನಾ ಸತ್ತು, ತಿಳದೋ ತಿಳೀದನೋ ನೀ ನನ್ನ ಹೆಸರಿನ್ಯಾಗ ಮನಿಮನಿಗೆ ಹಂಚಿದಿ ಅಂದ್ರ, ಅಷ್ಟೂ ಮನಿ ಬಾಗಲಿಗೆ ನೀನ ಹೋಗಿ ತಿರುಗಿ ತರಬೇಕು. ಮತ್ತೊಬ್ಬರನ್ನ ಕಳಸೂ ಹಂಗಿಲ್ಲ."

ಯಂಕವ್ವ ಗಡಿಗೆಯ ಮೇಲೆ ಅಂಗೈ ಇಟ್ಟು ಮಾತು ಕೊಟ್ಟಳು. ಊರ ತುಂಬ ಮೊಸರಾಯಿತು. ಒಂದು ಬೇಸಗೆಯಲ್ಲಿ ಗೆಳತಿಯರ ಜೊತೆ ಆಟಕ್ಕೆ ಬಿದ್ದು ಗಡಿಗೆಯನ್ನು ಬಿಸಿಲಿನಲ್ಲಿ ಮರೆತಳು. ಸಂಜೆ ಬಟ್ಟಲು ಹಿಡಿದು ಬಂದವರಿಗೆಲ್ಲ ಎಂದಿನಂತೆ ಹಂಚಿಯೂ ಹಂಚಿದಳು. ಮರುದಿನ ಊರ ಹಾಲೆಲ್ಲ ಮತ್ತೆ ಅಳತೊಡಗಿತು. ಯಂಕವ್ವ ಖಾಲಿ ಗಡಿಗೆ ಹೊತ್ತು ಮೊದಲ ಮನೆಯ ಬಾಗಿಲು ಬಡಿದಳು.

ಇಲ್ಲಿಗೆ ಬರುವಷ್ಟರಲ್ಲಿ ಗೋದಾ ಅಜ್ಜಿಗೆ ನಿದ್ದೆ ಹತ್ತುತ್ತಿತ್ತು. ಪುಣೆಯ ಕೋಥರೂಡಿನ ಆ ಹಳೆಯ ಫ್ಲ್ಯಾಟಿನಲ್ಲಿ, ಅಜ್ಜಿಯ ಮಗ್ಗುಲಲ್ಲಿ ಮಲಗಿದ ಮೊಮ್ಮಗಳು ಮಂಜರಿ ಮಾತ್ರ ಕಣ್ಣು ಬಿಟ್ಟುಕೊಂಡು ಆ ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದಳು. ತಂದೆತಾಯಿ ಇಬ್ಬರೂ ಸೋಲಾಪುರದ ಬ್ಯಾಂಕಿನಲ್ಲಿದ್ದುದರಿಂದ ಅವಳು ಬೆಳೆದದ್ದೇ ಅಜ್ಜಿಯ ಬಳಿ. ಕಥೆಯ ಕೊನೆಯನ್ನು ಬೆಳಗ್ಗೆ ಕೇಳಿದರೆ ಅಜ್ಜಿ, ಹಗಲು ಕಥೆ ಹೇಳಿದರೆ ದಾರಿಹೋಕರು ದಾರಿ ತಪ್ಪುತ್ತಾರೆ ಎಂದು ಜಾರಿಕೊಳ್ಳುತ್ತಿದ್ದಳು.

ಅಜ್ಜಿಯ ಮನೆಯ ಹೆಪ್ಪು ಧಾರವಾಡದ್ದು. ಮದುವೆಯಾಗಿ ಪುಣೆಗೆ ಬರುವಾಗ ಪಿಂಗಾಣಿ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು, ಮೀರಜ್‌ನಲ್ಲಿ ಗಾಡಿ ಬದಲಿಸುವಾಗಲೂ ಇನ್ನೊಬ್ಬರ ಕೈಗೆ ಕೊಡದೆ ತಂದದ್ದು. ಅಂದಿನಿಂದ ಒಂದು ದಿನವೂ ಆರದೆ ಉಳಿದು ಬಂದಿತ್ತು. ಆ ಮೊಸರನ್ನು ಚಮಚದಿಂದ ಎತ್ತಿದರೆ ಸಣ್ಣ ನೂಲು ಏಳುತ್ತಿತ್ತು. ನಾಲಗೆಗೆ ಮೊದಲು ಸಿಹಿ, ನುಂಗಿದ ಮೇಲೆ ಗಂಟಲ ಹತ್ತಿರ ಚಿವುಟಿದಂತೆ ಒಂದು ಹುಳಿ. ಅದರ ರುಚಿ ಬೇರೆ ಯಾವ ಮನೆಯಲ್ಲೂ ಇರಲಿಲ್ಲ.

ಮಂಜರಿ ಆಹಾರ ವಿಜ್ಞಾನ ಓದಿದಳು. ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಮೊದಲ ಸಲ ಮೊಸರಿನ ಹನಿಯನ್ನು ನೋಡಿದಾಗ ಉಳಿದವರೆಲ್ಲ ಬ್ಯಾಕ್ಟೀರಿಯಾದ ಚಿತ್ರ ಬರೆದುಕೊಂಡರೆ, ಇವಳು ಗಾಜಿಗೆ ಕಣ್ಣಂಟಿಸಿ ಹೆಪ್ಪವ್ವನ ವಂಶವನ್ನೆಲ್ಲ ನೋಡುತ್ತ ಕೂತುಬಿಟ್ಟಿದ್ದಳು. ಹಾಗಾಗಿ ದೊಡ್ಡಪ್ಪನ ಮಗ ಮಧ್ವೇಶ, ಕೊರಿಯಾದಿಂದ ಪ್ರೊಬಯಾಟಿಕ್ ಕ್ಯಾಪ್ಸೂಲು ತರಿಸಿ ಮಾರುವ ಯೋಚನೆಯಿದೆ, ಕರುಳಿಗೆ ಒಳ್ಳೆಯದು ಮಾಡುವ ಜೀವಾಣುಗಳವು, ನೀನು ನನ್ನ ಜೊತೆಗಿರಬೇಕು ಎಂದಾಗ ಅವಳು ಎರಡನೆಯ ಸಲ ಹೇಳಿಸಿಕೊಳ್ಳದೆ ಒಪ್ಪಿದಳು. ಮಧ್ವೇಶ ಅದುವರೆಗೆ ಮಿಕ್ಸರಿನ ಬಿಡಿಭಾಗ ತರಿಸುತ್ತಿದ್ದವನು. ಸತ್ತ ಮಾಲಿನ ವ್ಯಾಪಾರ ಬಲ್ಲವನಿಗೆ ಜೀವಂತ ಮಾಲಿನ ವ್ಯಾಪಾರ ಹೊಸದು. ಹೊರದೇಶದ ಕ್ಯಾಪ್ಸೂಲು ಇಲ್ಲಿ ಮಾರಬೇಕಾದರೆ ಪರವಾನಗಿ ಬೇಕು, ಬಾಟಲಿಯ ಮೇಲೆ ಇಂಥದ್ದೇ ಬರೆದಿರಬೇಕೆಂಬ ನಿಯಮಗಳುಂಟು, ಎಲ್ಲಕ್ಕೂ ಮೇಲೆ ಮಾಲಿನ ಹೊಣೆ ಹೊತ್ತು ಸಹಿ ಹಾಕುವ ಓದಿದವರೊಬ್ಬರು ಬೇಕು. ಆ ಸಹಿ ಮಂಜರಿಯದಾಯಿತು. ಮಾಲಿನಲ್ಲಿ ದೋಷ ಕಂಡರೆ ಮಾರಿದ್ದನ್ನೆಲ್ಲ ತಿರುಗಿ ತರಿಸುತ್ತೇನೆ ಎಂಬ ಮಾತೂ ಅದರಲ್ಲಿತ್ತು. ಸಹಿ ಹಾಕಿ ಅವಳು ಕಾಗದದ ಮೇಲೆ ಅಂಗೈ ಇಟ್ಟಳು.

"ಏನ ಮಾಡ್ಲಿಕತ್ತಿ?" ಎಂದ ಮಧ್ವೇಶ.

"ಯಂಕವ್ವ ಮಾತು ಕೊಟ್ಲಲಾ, ಹಂಗ."

ಅವನೂ ಅದೇ ಅಜ್ಜಿಯ ಮಗ್ಗುಲಲ್ಲಿ ಮಲಗಿ ಬೆಳೆದವನು. ಆದರೆ ಹೆಪ್ಪವ್ವ ಬರುವ ಮೊದಲೇ ನಿದ್ದೆ ಹೋಗುತ್ತಿದ್ದ.

ಮಾಲು ಬಂದ ದಿನ ಒಂದು ಕ್ಯಾಪ್ಸೂಲನ್ನು ಅಜ್ಜಿಯ ಕೈಗೆ ಕೊಡುವ ಪದ್ಧತಿ ಮೊದಲ ಸಲದಿಂದಲೇ ಶುರುವಾಯಿತು. ಅಜ್ಜಿ ಮಡಿಯಲ್ಲಿ ಹಾಲು ಕಾಸಿ, ಬೆರಳು ಅದ್ದಿ ಬಿಸಿ ನೋಡಿ, ಕ್ಯಾಪ್ಸೂಲು ಒಡೆದು ಪುಡಿ ಉದುರಿಸಿ, ದೇವರ ಗೂಡಿನ ಪಕ್ಕದ ಗೋಡೆಯ ಮಾಡದಲ್ಲಿ ಮುಚ್ಚಿಡುತ್ತಿದ್ದಳು. ಬೆಳಗಿನ ಪೂಜೆ ಮುಗಿದ ಮೇಲೆ ಮುಚ್ಚಳ ತೆಗೆಯುವುದು. ಮೊಸರಾಗಿದ್ದರೆ ಮೊದಲ ಚಮಚ ಮಂಜರಿಯ ಬಾಯಿಗೆ. ಅದನ್ನು ನುಂಗಿ ಅವಳು ಗೋದಾಮಿಗೆ ಫೋನು ಮಾಡಿ "ಬಿಡ್ರಿ" ಎಂದ ಮೇಲೆಯೇ ಡಬ್ಬಗಳು ಹೊರಬೀಳಬೇಕು. ಪ್ರಯೋಗಾಲಯಕ್ಕೂ ಮಾದರಿ ಹೋಗುತ್ತಿತ್ತು. ಆದರೆ ಪ್ರಯೋಗಾಲಯ ಎಷ್ಟೋ ದಿನ ತೆಗೆದುಕೊಂಡು ಹೇಳುವುದನ್ನೇ ಅಜ್ಜಿಯ ಮಾಡ ಒಂದು ಬೆಳಗಾಗುವಷ್ಟರಲ್ಲಿ ಹೇಳುತ್ತದೆಯೆಂಬ ಹೆಮ್ಮೆ ಮಂಜರಿಗಿತ್ತು. ಕೊಳ್ಳುವವರಿಗೂ ಅವಳು ಹೆಪ್ಪವ್ವನ ಕಥೆ ಹೇಳುವಳು. ನಂಬಿಕೆಯಿಲ್ಲದಿದ್ದರೆ ನಿಮ್ಮ ಮನೆಯ ಹಾಲಿಗೇ ಒಂದು ಕ್ಯಾಪ್ಸೂಲು ಹಾಕಿ ನೋಡಿ ಎನ್ನುವಳು. ಕ್ಯಾಪ್ಸೂಲಿನ ಮೊಸರಿಗೆ ಅಂಥ ರುಚಿಯೇನೂ ಇರುತ್ತಿರಲಿಲ್ಲ. ಸಪ್ಪೆ, ಗಟ್ಟಿ, ಚಮಚ ತಾಗಿದರೆ ಹಳಕು ಹಳಕಾಗಿ ಒಡೆಯುವಂಥದು. "ಪರದೇಶದ ಸೊಸಿ, ಇನ್ನೂ ಮಾತು ಬರವಲ್ದು" ಎಂದು ಅಜ್ಜಿ ನಗುತ್ತಿದ್ದಳು.

ಈ ವರ್ಷದ ಮೇ ತಿಂಗಳಲ್ಲಿ ಬಂದ ಮಾಲು ಮುಂಬಯಿಯ ಬಂದರಿನಲ್ಲಿ ನಿಂತಿತು. ಕೊರಿಯಾದವರು ಬಾಟಲಿಯ ಚೀಟಿಯನ್ನು ಹೊಸದಾಗಿ ಮಾಡಿಸುವಾಗ ತರಿಸಿಕೊಳ್ಳುವವರ ಹೆಸರು, ಪರವಾನಗಿಯ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು ಮೂರನ್ನೂ ಬಿಟ್ಟಿದ್ದರು. ಅದನ್ನು ಅಲ್ಲೇ ಅಂಟಿಸಲು ನಿಯಮ ಬಿಡುತ್ತದೆ, ಆದರೆ ದಿನ ಹಿಡಿಯುತ್ತದೆ. ಮಧ್ವೇಶ ಬಂದರಿಗೆ ಓಡಾಡಿದ. ಮಾಲು ಶೀತಲಗೃಹದಲ್ಲಿ ಸುಖವಾಗಿದೆ, ನೀನು ಮಾರುವುದನ್ನು ನೋಡಿಕೋ ಎಂದು ಮಂಜರಿಗೆ ಧೈರ್ಯ ಹೇಳಿದ. ಮಾಲು ಪುಣೆ ಮುಟ್ಟಿದ ದಿನ ಅವಳು ಹಿಂಜವಾಡಿಯ ಕಂಪನಿಯೊಂದರಲ್ಲಿ ಕರುಳಿನ ಆರೋಗ್ಯದ ಬಗ್ಗೆ ಮಾತಾಡಲು ಹೋಗಿದ್ದಳು. ಬಾಟಲಿಯೊಂದನ್ನು ಮನೆಗೆ ಒಯ್ದು ಕ್ಯಾಪ್ಸೂಲನ್ನು ಅಜ್ಜಿಯ ಕೈಗೆ ಕೊಟ್ಟವನು ಮಧ್ವೇಶ.

ಮರುದಿನ ಬೆಳಗ್ಗೆ ಮುಚ್ಚಳ ತೆಗೆದರೆ ಮೊಸರು ಕನ್ನಡಿಯ ಹಾಗೆ ಕೂತಿತ್ತು. ಅಜ್ಜಿ ಚಮಚ ಎತ್ತಿದಾಗ ನೂಲೆದ್ದಿತು. ಬಾಯಿಗಿಟ್ಟರೆ ಸಿಹಿ, ಆಮೇಲೆ ಗಂಟಲಲ್ಲಿ ಆ ಹುಳಿ. ಮಂಜರಿ ಚಪ್ಪಾಳೆ ತಟ್ಟಿದಳು.

"ಅಜ್ಜಿ, ನೋಡ. ಸೊಸಿ ಮಾತು ಕಲತ್ಲು. ನಮ್ಮ ಮನಿ ರುಚೀನ ಬಂದದ."

ಅಜ್ಜಿ ಹೂಂಗುಟ್ಟಿ, ಮಾಡವನ್ನು ಒದ್ದೆ ಬಟ್ಟೆಯಿಂದ ಒರೆಸತೊಡಗಿದಳು. ಒಂದೇ ಮನೆಯಲ್ಲಿ ಒಂದೇ ಮಾಡದ ಬಿಸಿಗೆ ಬೆಳೆದರೆ ಹೊರಗಿನದಕ್ಕೂ ಆ ಮನೆಯ ಗುಣ ಬರುತ್ತದೆ ಎಂದು ಮಂಜರಿ ದಾರಿಯುದ್ದಕ್ಕೂ ಯೋಚಿಸಿ ಸುಖಪಟ್ಟಳು. ಓದಿದ ವಿಜ್ಞಾನ ಅವಳಿಗೆ ಬೇರೆಯದನ್ನು ಹೇಳಬೇಕಿತ್ತು. ಅವಳು ಕೇಳಲಿಲ್ಲ. ಈಗಾಗಲೇ ತಡವಾಗಿದೆ, ಪ್ರಯೋಗಾಲಯಕ್ಕೆ ಆಮೇಲೆ ಕಳಿಸೋಣ ಎಂದು ಮಧ್ವೇಶ ಹೇಳಿದಾಗಲೂ ಆಗಲಿ ಎಂದಳು. ಗೋದಾಮಿಗೆ ಫೋನು ಮಾಡಿ "ಬಿಡ್ರಿ" ಎಂದಳು. ಮಾಲು ಕೋಥರೂಡು, ಹಿಂಜವಾಡಿ ದಾಟಿ ಶಿರೂರು, ದೌಂಡಿನ ಔಷಧದ ಅಂಗಡಿಗಳವರೆಗೂ ಹೋಯಿತು.

ಕರ್ವೆ ರಸ್ತೆಯಲ್ಲಿ ತನಿಯಪ್ಪನವರ ಹೋಟೆಲಿದೆ. ಉಡುಪಿ ಕಡೆಯವರು. ವಿಷಮಶೀತ ಜ್ವರದ ಔಷಧ ತಿಂದು ತಿಂದು ತನಿಯಪ್ಪನವರ ಹೊಟ್ಟೆ ಹೇಳಿದ ಮಾತು ಕೇಳದಂತಾಗಿತ್ತು. ಮಂದಿಗೆಲ್ಲ ಊಟ ಹಾಕುವ ಮನುಷ್ಯ ತಾನು ಗಂಜಿ ಕುಡಿದು ಗಲ್ಲಾದಲ್ಲಿ ಕೂರುವುದನ್ನು ನೋಡಲಾರದೆ ಅವರ ಹೆಂಡತಿ ಪ್ರೇಮಾವತಿ, ಮಂಜರಿಯ ಕಥೆಯನ್ನು ಪೂರ್ತಿ ಕೇಳಿ ಬಾಟಲಿ ಕೊಂಡಿದ್ದರು. ಜುಲೈನಲ್ಲಿ ಒಂದು ದಿನ ಅವರ ಫೋನು ಬಂತು.

"ಮಂಜರಿ, ಒಂದು ಕೇಳ್ಲಿಕ್ಕುಂಟು. ನಿಮ್ಮ ಹೆಪ್ಪವ್ವ ನಮ್ಮ ಹಾಲಿನಲ್ಲಿ ಮಲಗಿದ್ದಾಳೆ ಮಾರಾಯ್ತಿ, ಏಳುವುದೇ ಇಲ್ಲ. ಇವರಿಗೆ ಒಂಚೂರೂ ಗುಣ ಕಾಣ್ಲಿಲ್ಲ ಅಂತ ಹಾಕಿ ನೋಡಿದೆ. ಇಡ್ಲಿ ಬೇಯಿಸುವ ಒಲೆ ಪಕ್ಕ ಬೆಚ್ಚಗೆ ಇಟ್ಟೆ. ಹಾಲು ಹಾಲೇ ಉಂಟು."

ಮಂಜರಿ ಹಾಲಿನ ಬಿಸಿ ಹೆಚ್ಚಾಗಿರಬೇಕೆಂದಳು. ಪ್ರೇಮಾವತಿ, ತಮ್ಮ ಅಡಿಗೆಮನೆಯಲ್ಲಿ ದಿನಕ್ಕೆ ಎಷ್ಟು ಪಾತ್ರೆ ಮೊಸರು ಹಾಕುತ್ತೇವೆಂಬುದು ಗೊತ್ತುಂಟಾ ಎಂದು ಕೇಳಿದರು. ಮಂಜರಿಗೆ ನಾಚಿಕೆಯಾಯಿತು.

ಅವಳು ಗೋದಾಮಿನ ಪಕ್ಕದ ಆಫೀಸಿನಲ್ಲೇ ಹಾಲು ಕಾಸಿ, ಬೇರೆ ಬೇರೆ ಡಬ್ಬದಿಂದ ಕ್ಯಾಪ್ಸೂಲು ಒಡೆದು ಬಟ್ಟಲುಗಳಿಗೆ ಹಾಕಿ, ಬಟ್ಟೆ ಸುತ್ತಿ ಇಟ್ಟಳು. ಮರುದಿನ ಬಂದು ನೋಡಿದರೆ ಎಲ್ಲ ಬಟ್ಟಲಿನಲ್ಲೂ ಹಾಲು ತೆಳ್ಳಗೆ ಅಲುಗಾಡಿತು. ಬಟ್ಟಲು ಎತ್ತಿ ಮೂಸಿದಳು. ಬರೀ ಹಳೆಯ ಹಾಲಿನ ವಾಸನೆ. ಇದು ಹತ್ತದಿದ್ದರೆ ಅಜ್ಜಿಯ ಮಾಡದಲ್ಲಿ ಹತ್ತಿದ್ದು ಹೇಗೆ ಎಂದುಕೊಳ್ಳುವಷ್ಟರಲ್ಲಿ ಅವಳ ನಾಲಗೆಗೆ ಆ ಸಿಹಿ ನೆನಪಾಯಿತು. ಆಮೇಲೆ ಆ ಹುಳಿ, ಆ ನೂಲು. ಅದು ಮಾತು ಕಲಿತ ಸೊಸೆಯಲ್ಲ. ಧಾರವಾಡದ ಭರಣಿಯದೇ ಮೊಸರು. ಮಂಜರಿ ಬಟ್ಟಲನ್ನು ಕೈಯಲ್ಲಿ ಹಿಡಿದೇ ನೆಲದ ಮೇಲೆ ಕೂತಳು.

ಮನೆಗೆ ಹೋದಾಗ ಅಜ್ಜಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು. ಮಂಜರಿ ಚಪ್ಪಲಿಯನ್ನೂ ಬಿಚ್ಚದೆ ಬಾಗಿಲಲ್ಲೇ ನಿಂತು ಕೇಳಿದಳು.

"ಅಜ್ಜಿ, ಅವತ್ತು ಹಾಲಿಗೆ ಏನ ಹಾಕಿದ್ದಿ?"

ಅಜ್ಜಿ ತಲೆ ಎತ್ತಲಿಲ್ಲ. ಸೊಪ್ಪಿನ ದಂಟುಗಳನ್ನು ಒಂದು ಕಡೆಗೆ ಸರಿಸಿದಳು. "ಮಧು ಬಂದು ಕಾಲು ಹಿಡದ" ಎಂದಳು. "ಬಂದರಿನ್ಯಾಗ ಬಾಡಗಿ ಉಳಸ್ಲಿಕ್ಕೆ ಮಾಲನ್ನ ತಂಪಿನ ಖೋಲಿಯಿಂದ ಹೊರಗ ತಗಸಿದ್ನಂತ. ತಗಡಿನ ಪತ್ರಾಸಿನ ಕೆಳಗ, ಮೇ ತಿಂಗಳ ಬಿಸಲು. ಇದು ಮೊಸರಾಗಲಿಲ್ಲಂದ್ರ ನಾ ಮುಳಗಿ ಹೋಗ್ತೀನಿ ಅಜ್ಜಿ ಅಂತ ಅತ್ತ. ಆಳೆತ್ತರ ಬೆಳದ ಗಂಡಸು. ಭರಣಿ ಅಲ್ಲೇ ಇತ್ತು. ಒಂದು ಚಮಚ ಹಾಕಿದೆ."

"ನನ್ನ ಮುಂದ ಹೇಳಬೇಕಿತ್ತು."

"ಹೇಳಿದ್ರ ನೀ ಮಾಲು ಬಿಡ್ತಿದ್ದಿಲ್ಲ."

"ಹೌದು."

"ಅದಕ್ಕ ಹೇಳಲಿಲ್ಲ."

ಅದರಲ್ಲಿ ಮುಚ್ಚುಮರೆಯಿರಲಿಲ್ಲ, ಕ್ಷಮೆಯ ಬೇಡಿಕೆಯೂ ಇರಲಿಲ್ಲ. ಮಂಜರಿಗೆ ಅತ್ತುಬಿಡಬೇಕೆನಿಸಿತು, ಆದರೆ ಅತ್ತರೆ ಇಷ್ಟು ವರ್ಷ ಯಾರ ಮಡಿಲಿಗೆ ಓಡುತ್ತಿದ್ದಳೋ ಆ ಮಡಿಲಿನ ತುಂಬ ಇವತ್ತು ಮೆಂತ್ಯದ ಸೊಪ್ಪಿತ್ತು. ಅಣ್ಣ ಮೋಸ ಮಾಡಿದ್ದು ಅವಳಿಗೆ ಅರ್ಥವಾಗುತ್ತಿತ್ತು. ಅವನು ವ್ಯಾಪಾರದವನು, ಹೆದರಿದವನು. ಆದರೆ ಮೊದಲ ಚಮಚವನ್ನು ಅಜ್ಜಿ ತನ್ನ ಕೈಯಿಂದಲೇ ಅವಳ ಬಾಯಿಗೆ ಇಟ್ಟಿದ್ದಳು. ಅವಳು ಚಪ್ಪಾಳೆ ತಟ್ಟುವುದನ್ನು ನೋಡಿದ್ದಳು. ಹೆಪ್ಪವ್ವನಿಗೆ ಜೀವವಿದೆ ಎಂದು ಕಲಿಸಿದ ಬಾಯಿ, ಸತ್ತಿದ್ದಾಳೆ ಎಂದು ಗೊತ್ತಿದ್ದೂ ಹೂಂಗುಟ್ಟಿತ್ತು.

ಮಧ್ವೇಶನನ್ನು ಅವಳು ಗೋದಾಮಿನಲ್ಲೇ ಹಿಡಿದಳು. ಅವನು ಮೊದಲು ತಪ್ಪಾಯಿತೆಂದ. ಮಾಲನ್ನೆಲ್ಲ ತಿರುಗಿ ತರಿಸುತ್ತೇನೆ ಎಂದು ಅವಳು ಹೇಳಿದಾಗ ಅವನ ದನಿ ಬದಲಾಯಿತು. ಸುದ್ದಿ ಹೊರಬಿದ್ದರೆ ಕೊರಿಯಾದವರು ಕೈ ಬಿಡುತ್ತಾರೆ, ಪರವಾನಗಿ ಹೋಗುತ್ತದೆ, ನಾಳೆ ಬೇಳೆಕಾಳು ತರಿಸುತ್ತೇನೆಂದರೂ ಬಂದರಿನಲ್ಲಿ ಯಾರೂ ನಂಬುವುದಿಲ್ಲ ಎಂದ. ಉಳಿದದ್ದನ್ನು ಸದ್ದಿಲ್ಲದೆ ಸುಟ್ಟುಬಿಡೋಣ, ಹೋದದ್ದು ಹೋಯಿತು ಎಂದ.

"ವಿಷಾ ಏನ ಕೊಟ್ಟಿಲ್ಲಲಾ, ಮಂಜಿ? ಸರ್ಕಾರದವರು ನೋಡಿ ಬಿಟ್ಟ ಮಾಲದು. ತಿಂದವರಿಗೆ ಏನೂ ಆಗಿಲ್ಲ."

"ಏನೂ ಆಗಿಲ್ಲ. ಆ ಏನೂ ಆಗದ್ದನ್ನ ಮಾರೇವಿ ನಾವು."

"ಭಾಳ ಶಾಣ್ಯಾಕಿ ನೀ" ಎಂದ ಅವನು. "ನಿನ್ನ ಕಾಯ್ದೆದಾಗ ಅಜ್ಜಿ ಮೊಸರು ಎಲ್ಲಿ ಬರದಾರ ತೋರಿಸು. ಪರೀಕ್ಷಾ ಆಮ್ಯಾಲ ಆಗ್ಲಿ ಅಂದಾಗ ಹೂಂ ಅಂದಾಕಿ ನೀನ. 'ಬಿಡ್ರಿ' ಅಂದಾಕೀನೂ ನೀನ."

ಅದು ನಿಜವಾಗಿತ್ತು. ಅಣ್ಣ ತನ್ನನ್ನು ಎಷ್ಟು ಚೆನ್ನಾಗಿ ಬಲ್ಲನೆಂಬುದು ಅವಳಿಗೆ ಆಗ ಹೊಳೆಯಿತು. ಅವನು ಸರ್ಕಾರಕ್ಕೆ ಹೆದರಿರಲಿಲ್ಲ, ಪ್ರಯೋಗಾಲಯಕ್ಕೂ ಹೆದರಿರಲಿಲ್ಲ. ತಂಗಿಯ ಕಣ್ಣು ತಪ್ಪಿಸಲು ಅಜ್ಜಿಯ ಒಂದು ಚಮಚ ಸಾಕೆಂದು ಲೆಕ್ಕ ಹಾಕಿದ್ದ. ಆ ಲೆಕ್ಕ ತಪ್ಪಿರಲಿಲ್ಲ.

ಆ ಸಂಜೆಯೇ ಅವಳು ಸರ್ಕಾರದ ಆಹಾರ ಇಲಾಖೆಗೂ ಕೊರಿಯಾಕ್ಕೂ ನಡೆದದ್ದನ್ನು ನಡೆದಂತೆ ತಿಳಿಸಿದಳು, ತನ್ನ "ಬಿಡ್ರಿ"ಯನ್ನೂ ಸೇರಿಸಿ. ಇನ್ನು ಪುಣೆಗೆ ಮಾಲು ಕಳಿಸುವುದಿಲ್ಲವೆಂದು ಕೊರಿಯಾದವರು ಚುಟುಕಾಗಿ ಉತ್ತರಿಸಿದರು. ಇಲಾಖೆಯವರು ಮಾಲನ್ನೆಲ್ಲ ವಾಪಸು ತರಿಸಿ ತಮ್ಮ ಕಣ್ಣೆದುರು ನಾಶ ಮಾಡಬೇಕೆಂದರು. ಮಧ್ವೇಶನ ತಾಯಿ, ದೊಡ್ಡಮ್ಮ, ಫೋನು ಮಾಡಿ, ಮನೆಯ ಮಾತನ್ನು ಚಾವಡಿಗೆ ಒಯ್ದ ಹುಡುಗಿ ಎಂದು ಬೈದು, ಆಮೇಲೆ ಫೋನು ಎತ್ತುವುದನ್ನೇ ಬಿಟ್ಟಳು. ಮಧ್ವೇಶ ಗೋದಾಮಿನ ಬೀಗದ ಕೈಯನ್ನು ಅಜ್ಜಿಯ ಹತ್ತಿರ ಬಿಟ್ಟು ಹೋದ.

ಕೊಂಡವರಿಗೆಲ್ಲ ಸಂದೇಶ ಕಳಿಸಿ ಕೊರಿಯರ್‌ನವರಿಂದ ತರಿಸಿಕೊಂಡರೂ ನಡೆಯುತ್ತಿತ್ತು. ಮಂಜರಿ ಸಂದೇಶವನ್ನೂ ಕಳಿಸಿದಳು, ತಾನೂ ಹೊರಟಳು. ದೌಂಡಿನ ಔಷಧದ ಅಂಗಡಿಯವನು ರೈಲ್ವೆ ಕಾಲನಿಯ ಗಾರ್ಡುಗಳಿಗೆಲ್ಲ ಮಾರಿಬಿಟ್ಟಿದ್ದ. ಅವನನ್ನೇ ಮುಂದೆ ಮಾಡಿಕೊಂಡು ಬಾಗಿಲು ಬಾಗಿಲಿಗೆ ಹೋಗಿ, ಮರಾಠಿಯಲ್ಲಿ ಅದೇ ಮಾತನ್ನು ಹೇಳಿ ಹೇಳಿ ಅವಳ ಬಾಯಿ ಒಣಗಿತು. ಶಿರೂರಿನವನು ಬಾಟಲಿಗಳನ್ನು ಕಟ್ಟೆಯ ಮೇಲೆ ಸುರಿದು, ದುಡ್ಡು ಎಣಿಸಿಕೊಂಡು, ಮುಂದಿನ ಗಿರಾಕಿಯ ಕಡೆ ತಿರುಗಿದ. ಹಿಂಜವಾಡಿಯ ಫ್ಲ್ಯಾಟೊಂದರಲ್ಲಿ ಪೂರ್ವಾ ಎಂಬ ಬೆಂಗಳೂರಿನ ಹುಡುಗಿ ಬಾಟಲಿಯನ್ನು ಕೊಡಲೇ ಒಲ್ಲೆನೆಂದಳು.

"ಇಲ್ಲ ರೀ, ನಂಗಂತೂ ತುಂಬಾ ಹೆಲ್ಪ್ ಆಗ್ತಿದೆ. ಹೊಟ್ಟೆ ಎಷ್ಟು ಲೈಟ್ ಆಗಿದೆ ಗೊತ್ತಾ? ಸತ್ತೋಗಿದ್ರೂ ಪರವಾಗಿಲ್ಲ, ಇಟ್ಕೊಳ್ತೀನಿ."

ಮಂಜರಿಗೆ ನಗುವೂ ಬಂತು, ನಾಚಿಕೆಯೂ ಆಯಿತು. ತಾನೂ ಆ ಬೆಳಗ್ಗೆ ಹೀಗೆಯೇ ಸುಖಪಟ್ಟಿದ್ದಳಲ್ಲ. ಪೂರ್ವಾ ಬಾಟಲಿ ತಂದು ಕೊಡುವವರೆಗೂ ಅವಳು ಬಾಗಿಲಲ್ಲಿ ಕೈಚಾಚಿಕೊಂಡೇ ನಿಂತಳು. ಕೆಲವರು ಖಾಲಿ ಬಾಟಲಿ ಕೊಟ್ಟರು. ಅವನ್ನೂ ಚೀಲಕ್ಕೆ ಹಾಕಿಕೊಂಡಳು.

ತನಿಯಪ್ಪನವರ ಹೋಟೆಲಿಗೆ ಹೋದಾಗ ಪ್ರೇಮಾವತಿ ಅವಳನ್ನು ಒಳಗೆ ಕೂರಿಸಿ ಕಾಫಿ ತರಿಸಿದರು. ಮಂಜರಿ ನಡೆದದ್ದನ್ನೆಲ್ಲ ಹೇಳಿದಳು. ಅಜ್ಜಿಯ ಚಮಚದವರೆಗೆ ಬಂದಾಗ ಮಾತ್ರ ನಾಲಗೆ ತಡವರಿಸಿತು, ಆದರೂ ಹೇಳಿದಳು. ಪ್ರೇಮಾವತಿ ಬಾಟಲಿಯನ್ನು ಸೆರಗಿನಿಂದ ಒರೆಸಿ ಅವಳ ಮುಂದಿಟ್ಟರು.

"ಇಷ್ಟು ದಿನ ಇವರು ಗುಣ ಆಗ್ತದೆ ಅಂತ ಕಾದರು. ಡಾಕ್ಟರ ಹತ್ತಿರ ಮತ್ತೆ ಹೋಗ್ಲಿಕ್ಕೆ ಕೇಳಲಿಲ್ಲ. ಆ ದಿನಗಳನ್ನು ನೀವು ವಾಪಸು ಕೊಡ್ಲಿಕ್ಕೆ ಆಗುದಿಲ್ಲ, ನನಗೆ ಗೊತ್ತುಂಟು. ನಿಮಗೆ ಮೋಸ ಆದದ್ದೂ ಗೊತ್ತಾಯ್ತು." ಅವರು ಗಲ್ಲಾದ ಕಡೆ ನೋಡಿದರು. "ಆದರೆ ಇನ್ನು ಮೇಲೆ ನಿಮ್ಮ ಬಾಯಿಂದ ಕಥೆ ಬೇಡ, ಆಯ್ತಾ?"

ಆಯಿತೆಂದಳು ಮಂಜರಿ. ಕಾಫಿಯನ್ನು ಕುಡಿಯಲಾಗಲಿಲ್ಲ.

ಎಲ್ಲ ಮುಗಿಯಿತೆಂದು ಚೀಲಗಳ ಬಾಯಿ ಕಟ್ಟುವಾಗ, ಒಂದು ಬಾಟಲಿ ಎಲ್ಲಿ ಹೋಯಿತೆಂಬುದು ತಿಳಿಯಲಿಲ್ಲ. ಮಾರಿದ್ದಲ್ಲ, ಗೋದಾಮಿನಲ್ಲೂ ಇಲ್ಲ. ಮಾಲು ಬಂದ ದಿನ ಮಧ್ವೇಶ ಕೈಯಲ್ಲಿ ಹಿಡಿದುಕೊಂಡು ಕೋಥರೂಡಿಗೆ ಹೋದ ಬಾಟಲಿ ಅದೆಂದು ಹೊಳೆದಾಗ ಅವಳು ಬಾಯಿ ಕಟ್ಟದ ಕೊನೆಯ ಚೀಲವನ್ನು ಹಾಗೆಯೇ ಹೊತ್ತು ಮನೆಗೆ ಬಂದಳು.

ಅಡಿಗೆಮನೆಯಲ್ಲಿ ಪಿಂಗಾಣಿ ಭರಣಿ ತೊಳೆದು ಬೋರಲು ಬಿದ್ದಿತ್ತು. ಒಳಗೆಲ್ಲ ಒಣಗಿ ಎಷ್ಟೋ ದಿನವಾದಂತಿತ್ತು. ಅಜ್ಜಿಯ ಬಾಯಿಂದ ನಿಜ ಕೇಳಿದ ದಿನದಿಂದ ಮಂಜರಿ ಮನೆಯ ಮೊಸರು ಮುಟ್ಟಿರಲಿಲ್ಲ. ಅಜ್ಜಿ ಹೆಪ್ಪು ಹಾಕುವುದನ್ನೇ ನಿಲ್ಲಿಸಿದ್ದನ್ನು ಅವಳು ಇವತ್ತು ನೋಡಿದಳು.

ಕೇಳುವ ಮೊದಲೇ ಅಜ್ಜಿ ದೇವರ ಗೂಡಿನ ಹಿಂದಿನಿಂದ ಬಾಟಲಿ ತೆಗೆದಳು. ತಳದಲ್ಲಿ ಕೆಲವೇ ಕ್ಯಾಪ್ಸೂಲುಗಳು ಉಳಿದಿದ್ದವು.

"ಉಳದದ್ದು ಎಲ್ಲಿ ಹೋತು?"

"ದಿನಾ ಒಂದು ನುಂಗಿದೆ. ಸತ್ತದ್ದನ್ನ ಊರಿಗೆಲ್ಲಾ ತಿನ್ನಿಸೀನಿ, ನಾ ಬಿಟ್ರ ಹ್ಯಾಂಗ?"

ಮಂಜರಿ ಕೈ ಚಾಚಿದಳು. ಅಜ್ಜಿ ಬಾಟಲಿಯನ್ನು ಕೊಡದೆ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹೊರಗೆ ಇನ್ನೂ ಬಿಸಿಲಿತ್ತು.

"ಆ ಯಂಕವ್ವ ಮದಲನೇ ಮನಿ ಬಾಗಲಾ ಬಡದ್ಲಲಾ ಮಂಜಿ, ಮುಂದ..."

"ಬ್ಯಾಡ, ಅಜ್ಜಿ. ಚೀಲ ಹಿಡಿ."

ಅಜ್ಜಿ ಬಾಟಲಿಯನ್ನು ಕೆಳಗಿಟ್ಟು ಚೀಲದ ಬಾಯಿಯನ್ನು ಅಗಲಿಸಿ ಹಿಡಿದಳು. ಮಂಜರಿ ಬಾಟಲಿಯನ್ನು ತೆಗೆದುಕೊಂಡು ಒಳಗೆ ಬಿಟ್ಟು, ಅಜ್ಜಿಯ ಬೆರಳುಗಳನ್ನು ಮುಟ್ಟದೆ ಹಗ್ಗ ಸುತ್ತಿ ಗಂಟು ಹಾಕಿದಳು.

ಶಿರೂರಿನ ರಸ್ತೆಯಲ್ಲಿ ಕೆಟ್ಟ ಔಷಧಗಳನ್ನು ಸುಡುವ ಭಟ್ಟಿಯೊಂದಿದೆ. ಇಲಾಖೆಯ ಅಧಿಕಾರಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ನಿಂತಿದ್ದ. ಚೀಲಗಳು ಒಂದೊಂದಾಗಿ ಒಳಗೆ ಹೋದವು. ಅಜ್ಜಿಯ ಬಾಟಲಿಯಿದ್ದ ಚೀಲವನ್ನು ಮಂಜರಿ ಕೆಲಸದವರ ಕೈಗೆ ಕೊಡದೆ ತಾನೇ ತಳ್ಳಿದಳು. ಸುಟ್ಟ ಹಾಲಿನ ವಾಸನೆ ಬಂದೀತೆಂದು ಕಾದಳು. ಬರಲಿಲ್ಲ, ಬರೀ ಪ್ಲಾಸ್ಟಿಕ್ ವಾಸನೆ ಬಂತು.

"ಆಣಖೀ ಕಾಹೀ ರಾಹಿಲಂಯ್ ಕಾ?" ಎಂದು ಅಧಿಕಾರಿ ಮರಾಠಿಯಲ್ಲಿ ಕೇಳಿದ, ಇನ್ನೇನಾದರೂ ಉಳಿದಿದೆಯೇ ಎಂದು.

"ನಾಹೀ" ಎಂದಳು ಮಂಜರಿ. "ಸಗಳಂ ಆಣಲಂ." ಎಲ್ಲವನ್ನೂ ತಂದಿದ್ದಳು.